ವರ್ಣೋಪಾಸಕ ಪಾಲ್ ಏರ್ಲಿಕ್

ಗುಲಗಂಜಿಯನ್ನು ಕಾಣದ ಕನ್ನಡಿಗರು ವಿರಳ. ಬೇಲಿಯ ಮೇಲೆ ಹಬ್ಬಿದ ಬಳ್ಳಿಯಲ್ಲಿ ಒಣಗಿದ ಕಾಯಿ ಬಿರಿದಾಗ ಇಣುಕುವ, ಕೆಂಪು ಮೈಗೆ ಕರಿಯ ಬೊಟ್ಟಿಟ್ಟಂತಿರುವ ಆ ಬೀಜದಿಂದ ನಮ್ಮ ಅಕ್ಕಸಾಲಿಗರು ಚಿನ್ನವನ್ನು ತೂಗುತ್ತಿದ್ದರು. ನೋಡಲು ಇಷ್ಟು ಅಂದವಾದ ಬೀಜದ ತಿರುಳಿನಲ್ಲಿ ಆಬ್ರಿನ್ ಎಂಬ ಘೋರವಾದ ವಿಷವಿದೆ. ಗಟ್ಟಿಯಾದ ಸಿಪ್ಪೆ ಒಡೆಯದಿದ್ದರೆ ಅಪಾಯ ಕಡಮೆ; ಅಗಿದರೆ ಅಥವಾ ಅರೆದರೆ ಅದು ಪ್ರಾಣಾಂತಕ. 1891ರಲ್ಲಿ ಬರ್ಲಿನ್ ನಗರದ ವೈದ್ಯನೊಬ್ಬನು ಈ ವಿಷವನ್ನೂ ಹರಳುಬೀಜದಲ್ಲಿರುವ ರಿಸಿನ್ ಎಂಬ ವಿಷವನ್ನೂ ಇಲಿಗಳ ಮೇಲೆ ಪ್ರಯೋಗಿಸುತ್ತಿದ್ದನು. ಇಲಿಗಳನ್ನು ಕೊಲ್ಲುವುದು ಆತನ ಉದ್ದೇಶವಾಗಿರಲಿಲ್ಲ. ಸಾಯದಷ್ಟು ಅಲ್ಪ ಪ್ರಮಾಣದಿಂದ ಮೊದಲುಮಾಡಿ ದಿನದಿನಕ್ಕೂ ಅದನ್ನು ಏರಿಸುತ್ತ ಹೋದನು. ಕೆಲವು ವಾರಗಳಲ್ಲಿ ಆ ಇಲಿಗಳು, ಸಾಮಾನ್ಯ ಇಲಿಯನ್ನು ಕೊಲ್ಲುವ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ವಿಷವನ್ನು ಅರಗಿಸಿಕೊಂಡು ಬದುಕಿ ಉಳಿದವು. ಇನ್ನೂ ವಿಚಿತ್ರವೆಂದರೆ, ಹರಳಿನ ವಿಷಕ್ಕೆ ಜಗ್ಗದ ಇಲಿ ಗುಲಗಂಜಿಯ ವಿಷಕ್ಕೆ ಬಲಿಯಾಗುತ್ತಿತ್ತು. ಪ್ರಾಣಿಯ ದೇಹವು ಒಂದೊಂದು ವಿಷಕ್ಕೂ ಬೇರೆ ಬೇರೆಯಾದ ಉತ್ತರವನ್ನು ಸಿದ್ಧಪಡಿಸುತ್ತದೆ, ಆ ಉತ್ತರವು ರಕ್ತದಲ್ಲಿ ಹರಿಯುತ್ತದೆ ಎಂಬುದು ಇದರಿಂದ ತಿಳಿಯಿತು. ರಕ್ತದಲ್ಲಿ ಹರಿಯುವ ವಸ್ತುವಾದರೆ ಅದು ಎಷ್ಟಿದೆಯೆಂದು ಅಳೆಯಲೂ ಬರಬೇಕಲ್ಲವೆ? ಹೀಗೆ ಯೋಚಿಸಿದ ಆ ವೈದ್ಯನೇ ಪಾಲ್ ಏರ್ಲಿಕ್.

ಏರ್ಲಿಕ್ 1854ರ ಮಾರ್ಚ್ 14ರಂದು ಅಂದಿನ ಪ್ರಷ್ಯದ ಸೈಲೀಷಿಯ ಪ್ರಾಂತದ ಸ್ಟ್ರೆಹ್ಲೆನ್ ಎಂಬ ಚಿಕ್ಕ ಪಟ್ಟಣದಲ್ಲಿ ಜನಿಸಿದನು. ಆ ಊರು ಇಂದು ಪೋಲೆಂಡಿಗೆ ಸೇರಿದೆ. ತಂದೆ ಮದ್ಯ ಬಟ್ಟಿಯಿಳಿಸುವ ಉದ್ಯಮವನ್ನು ನಡೆಸುತ್ತಿದ್ದ ಯೆಹೂದಿ ಗೃಹಸ್ಥ. ತಾಯಿಯ ಕಡೆಯ ಬಂಧುವಾದ ಕಾರ್ಲ್ ವೈಗರ್ಟ್ ಎಂಬಾತನು ಪಾಲನಿಗಿಂತ ಒಂಬತ್ತು ವರ್ಷ ಹಿರಿಯ. ಅಂಗಾಂಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿದ್ಯೆಯಲ್ಲಿ ಮುಂದೆ ಹೆಸರು ಪಡೆದವನು. ಬಾಲಕನಿಗೆ ಬಣ್ಣಗಳ ಹುಚ್ಚನ್ನು ಹಿಡಿಸಿದವನು ಈತನೇ.

ಶಾಲೆಯಲ್ಲಿ ಪಾಲ್ ಎಲ್ಲ ವಿಷಯಗಳಲ್ಲಿಯೂ ಮೇಲುಗೈಯಾದ ವಿದ್ಯಾರ್ಥಿಯೇನೂ ಆಗಿರಲಿಲ್ಲ. ಗಣಿತ, ಲ್ಯಾಟಿನ್ ಭಾಷೆಗಳು ಅವನಿಗೆ ಪ್ರಿಯವಾಗಿದ್ದವು. ಪ್ರಬಂಧರಚನೆಯೆಂದರೆ ಎದೆ ನಡುಗುತ್ತಿತ್ತು. ಶಾಲೆಯ ಅಂತಿಮ ಪರೀಕ್ಷೆಯಲ್ಲಿ, ಬದುಕು ಒಂದು ಕನಸು ಎಂಬ ವಿಷಯವನ್ನು ಕುರಿತು ಬರೆಯಬೇಕಾಗಿ ಬಂದಿತು. ಉಳಿದವರು ಕವಿತ್ವದ ಮಾತುಗಳನ್ನು ಪೋಣಿಸುತ್ತಿರಲು, ಇವನು ಬದುಕೆಂದರೆ ಆಮ್ಲಜನಕದೊಡನೆ ನಡೆಯುವ ರಾಸಾಯನಿಕ ಕ್ರಿಯೆಯೆಂದೂ, ಕನಸೂ ಮಿದುಳಿನಲ್ಲಿ ನಡೆಯುವ ಅಂತಹುದೇ ಕ್ರಿಯೆಯ ಒಂದು ಬಗೆಯ ಮಿನುಗೆಂದೂ ಬರೆದಿಟ್ಟನಂತೆ. ಪರೀಕ್ಷಕರಿಗೆ ಇದು ರುಚಿಸಲಿಲ್ಲ. ಅಂಕಗಳು ತೀರ ಕಡಮೆ ಬಂದವು. ಆದರೆ ಆ ಉತ್ತರ ಹುಡುಗಾಟದ್ದಲ್ಲ. ದೇಹದ ಆಮ್ಲಜನಕದ ಅಗತ್ಯವನ್ನು ಕುರಿತು 1885ರಲ್ಲಿ ಅವನು ಒಂದು ಗ್ರಂಥವನ್ನೇ ಬರೆದನು.

ವೈದ್ಯಶಿಕ್ಷಣಕ್ಕಾಗಿ ಏರ್ಲಿಕ್ ಬ್ರೆಸ್ಲೌ, ಸ್ಟ್ರಾಸ್‌ಬರ್ಗ್, ಫ್ರೈಬರ್ಗ್, ಲೈಪ್‌ಜಿಗ್ ವಿಶ್ವವಿದ್ಯಾನಿಲಯಗಳನ್ನು ಸುತ್ತಿದನು. ಸ್ಟ್ರಾಸ್‌ಬರ್ಗಿನಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ವಾಲ್ಡೈಯರ್, ಹಲವು ಬಣ್ಣಗಳ ಕಲೆಗಳಿಂದ ತುಂಬಿಹೋದ ಒಂದು ಮೇಜನ್ನು ಕಂಡು ಅದು ಯಾರದೆಂದು ವಿಚಾರಿಸಿದನು. ಅದು ಏರ್ಲಿಕ್‌ನದು. ಹುಡುಗನು ಪಾಠಗಳನ್ನು ಬದಿಗಿಟ್ಟು, ಅಂಗಾಂಶದ ತೆಳು ಪದರಗಳನ್ನು ಒಂದಾದ ಮೇಲೊಂದು ವರ್ಣದ್ರವ್ಯದಲ್ಲಿ ಅದ್ದಿ ನೋಡುತ್ತಿದ್ದನು. ವಾಲ್ಡೈಯರ್ ಗದರಿಸಲಿಲ್ಲ, ತಡೆಯಲೂ ಇಲ್ಲ. ಒಳ್ಳೆಯ ಗುರುವು ಕೆಲವೊಮ್ಮೆ ಸುಮ್ಮನಿರುವುದರಿಂದಲೇ ಶಿಷ್ಯನಿಗೆ ಉಪಕಾರ ಮಾಡುತ್ತಾನೆ. ಎಲ್ಲರಿಗೂ ಆ ದೃಷ್ಟಿ ಇರಲಿಲ್ಲ. ಬ್ರೆಸ್ಲೌ ನಗರಕ್ಕೆ ಬಂದ ರಾಬರ್ಟ್ ಕಾಕ್‌ನಿಗೆ ಪ್ರಯೋಗಾಲಯವನ್ನು ತೋರಿಸುತ್ತಿದ್ದವರು, ಈ ಚಿಕ್ಕವನು ಬಣ್ಣ ಹಾಕುವುದರಲ್ಲಿ ನಿಪುಣ, ಪರೀಕ್ಷೆಯಲ್ಲಿ ಮಾತ್ರ ಎಂದಿಗೂ ತೇರ್ಗಡೆಯಾಗಲಾರ ಎಂದು ಪರಿಚಯಿಸಿದರೆಂದು ಒಂದು ಕಥೆಯುಂಟು. ಆತ ತೇರ್ಗಡೆಯಾದನು. 1878ರಲ್ಲಿ ಲೈಪ್‌ಜಿಗ್ಗಿನಿಂದ ಪಡೆದ ವೈದ್ಯಪದವಿಗೆ ಅವನು ಬರೆದ ಪ್ರಬಂಧದ ವಸ್ತುವೂ ಅಂಗಾಂಶಗಳಿಗೆ ಬಣ್ಣ ಹಾಕುವ ವಿಧಾನವೇ.

ಆ ಕಾಲದ ಜರ್ಮನಿಯ ಕಾರ್ಖಾನೆಗಳು ಕಲ್ಲಿದ್ದಲಿನ ಡಾಮರಿನಿಂದ ನೂರಾರು ಹೊಸ ವರ್ಣದ್ರವ್ಯಗಳನ್ನು ತಯಾರಿಸುತ್ತಿದ್ದವು. ಅವು ಬಟ್ಟೆಗೆ ಬಣ್ಣ ಕಟ್ಟಲು ಹುಟ್ಟಿದವು. ಏರ್ಲಿಕ್ ಅವುಗಳನ್ನು ಜೀವಕೋಶಗಳ ಮೇಲೆ ಹಾಕಿ ನೋಡಿದನು. ಒಂದು ಬಣ್ಣ ಒಂದು ಬಗೆಯ ಕೋಶಕ್ಕೆ ಮಾತ್ರ ಅಂಟುತ್ತಿತ್ತು. ಪಕ್ಕದ ಕೋಶವನ್ನು ಮುಟ್ಟುತ್ತಲೂ ಇರಲಿಲ್ಲ. ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯಲ್ಲಿ ಫ್ರೆರಿಕ್ಸ್ ಎಂಬ ಉದಾರಿಯಾದ ಹಿರಿಯ ವೈದ್ಯನ ಆಶ್ರಯದಲ್ಲಿ ಕೆಲಸಮಾಡುತ್ತ, ಅದುವರೆಗೆ ಒಂದೇ ಬಗೆಯೆಂಬಂತೆ ಕಾಣುತ್ತಿದ್ದ ಬಿಳಿಯ ರಕ್ತಕಣಗಳನ್ನು ಅವು ಹೀರುವ ಬಣ್ಣಗಳ ಮೇಲೆ ವಿಂಗಡಿಸಿದನು. ಇಂದಿಗೂ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ಇಯೊಸಿನೊಫಿಲ್ ಎಂಬ ಹೆಸರು, ಇಯೊಸಿನ್ ಎಂಬ ಕೆಂಬಣ್ಣವನ್ನು ಹೀರುವ ಕಣಗಳಿಗೆ ಆತನು ಇಟ್ಟದ್ದು. ಈ ಬಣ್ಣ ಇದಕ್ಕೇ ಏಕೆ ಅಂಟುತ್ತದೆ, ಅದಕ್ಕೇಕೆ ಅಂಟುವುದಿಲ್ಲ? ಏರ್ಲಿಕ್‌ನ ಜೀವನವೆಲ್ಲ ಈ ಒಂದು ಪ್ರಶ್ನೆಯ ಸುತ್ತ ಸುತ್ತಿತು.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯರೋಗದ ಅಣುಜೀವಿಯನ್ನು ತಾನು ಕಂಡುಹಿಡಿದಿರುವುದಾಗಿ ಸಾರಿದನು. ಸಭೆಯಲ್ಲಿ ಕುಳಿತು ಕೇಳುತ್ತಿದ್ದ ಏರ್ಲಿಕ್ ಕೂಡಲೆ ಕೆಲಸಕ್ಕೆ ತೊಡಗಿದನು. ಆ ಅಣುಜೀವಿಗೆ ಬಣ್ಣ ಹತ್ತಿಸುವುದು ಕಷ್ಟವಾಗಿತ್ತು. ಏರ್ಲಿಕ್ ಬಣ್ಣ ಹಾಕಿದ ಗಾಜಿನ ಪಟ್ಟಿಗಳನ್ನು ಒಣಗಲೆಂದು ತಣ್ಣಗಿದ್ದ ಕಬ್ಬಿಣದ ಒಲೆಯ ಮೇಲೆ ಇಟ್ಟುಹೋದನಂತೆ. ಅದನ್ನು ಗಮನಿಸದ ಕೆಲಸದಾಕೆ ಒಲೆಗೆ ಬೆಂಕಿ ಹಾಕಿದಳು. ಕೆಲಸ ಕೆಟ್ಟಿತೆಂದುಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕಾವಿನಿಂದ ಬಣ್ಣ ಗಟ್ಟಿಯಾಗಿ ಹಿಡಿದು ಅಣುಜೀವಿಗಳು ಹಿಂದೆಂದೂ ಕಾಣದಷ್ಟು ಸ್ಪಷ್ಟವಾಗಿ ಕಂಡವು. ಕ್ಷಯವನ್ನು ಪತ್ತೆಹಚ್ಚಲು ಇಂದಿಗೂ ಬಳಸುವ ಒಂದು ವಿಧಾನ ಇದರಿಂದಲೇ ಬೆಳೆಯಿತು. ಆದರೆ ವಿಧಿಯಾಟವನ್ನು ಏನೆನ್ನಬೇಕು! 1888ರ ಸುಮಾರಿಗೆ ಏರ್ಲಿಕ್ ಕೆಮ್ಮಿನಿಂದ ನರಳತೊಡಗಿ, ತಾನೇ ರೂಪಿಸಿದ ವಿಧಾನದಿಂದ ತನ್ನ ಕಫವನ್ನು ಪರೀಕ್ಷಿಸಿದಾಗ ಅದರಲ್ಲಿ ಕ್ಷಯದ ಅಣುಜೀವಿಗಳು ಕಂಡವು. ಪತ್ನಿ ಹೆಡ್ವಿಗ್‌ಳೊಡನೆ ಅವನು ಈಜಿಪ್ಟಿನ ಬಿಸಿಲುನಾಡಿಗೆ ಹೋಗಿ ಚೇತರಿಸಿಕೊಂಡು 1889ರಲ್ಲಿ ಹಿಂದಿರುಗಿದನು. ಅಷ್ಟರಲ್ಲಿ ಆಸ್ಪತ್ರೆಯ ಹುದ್ದೆಯಿರಲಿಲ್ಲ. ಯೆಹೂದಿಗಳಿಗೆ ವಿಶ್ವವಿದ್ಯಾನಿಲಯದ ಉನ್ನತ ಪೀಠಗಳು ಸುಲಭವಾಗಿ ದೊರೆಯುತ್ತಿದ್ದ ಕಾಲವೂ ಅದಲ್ಲ. ಚಿಕ್ಕದೊಂದು ಖಾಸಗಿ ಪ್ರಯೋಗಾಲಯದಲ್ಲಿ ಕೆಲಸಮಾಡುತ್ತಿದ್ದ ಏರ್ಲಿಕ್‌ನನ್ನು 1891ರಲ್ಲಿ ರಾಬರ್ಟ್ ಕಾಕ್ ತನ್ನ ಹೊಸ ಸಂಸ್ಥೆಗೆ ಕರೆದುಕೊಂಡನು. ಗುಲಗಂಜಿ ಮತ್ತು ಹರಳಿನ ಪ್ರಯೋಗಗಳು ಈ ಅವಧಿಯವು.

ಆ ಪ್ರಯೋಗಗಳನ್ನು ಆತನು ಇನ್ನೂ ಮುಂದಕ್ಕೆ ಒಯ್ದನು. ವಿಷಕ್ಕೆ ಜಗ್ಗದ ತಾಯಿಲಿಯ ಮರಿಗಳೂ ಕೆಲವು ಕಾಲ ವಿಷವನ್ನು ತಡೆದುಕೊಳ್ಳುತ್ತಿದ್ದವು. ಇದು ಹುಟ್ಟಿನಿಂದ ಬಂದುದೋ ಹಾಲಿನಿಂದ ಬಂದುದೋ? ಏರ್ಲಿಕ್ ಸಾಮಾನ್ಯ ಇಲಿಯ ಮರಿಗಳನ್ನು ವಿಷನಿರೋಧವುಳ್ಳ ಇಲಿಯ ಮೊಲೆಗೆ ಬಿಟ್ಟು ನೋಡಿದನು. ಹೆತ್ತ ತಾಯಿ ಬೇರೆಯಾದರೂ ಹಾಲುಣಿಸಿದ ತಾಯಿಯ ರಕ್ಷಣೆ ಆ ಮರಿಗಳಿಗೆ ದೊರೆಯಿತು. ಎದೆಹಾಲು ಶಿಶುವಿಗೆ ಆಹಾರವಷ್ಟೇ ಅಲ್ಲ, ಕವಚವೂ ಹೌದೆಂಬುದಕ್ಕೆ ಪ್ರಯೋಗದ ಸಾಕ್ಷ್ಯ ಹೀಗೆ ಸಿಕ್ಕಿತು. ದೇಹವು ಹಾವಳಿಕಾರ ವಸ್ತುವಿಗೆ ಎದುರಾಗಿ ಉತ್ಪಾದಿಸುವ ಈ ರಕ್ಷಕ ವಸ್ತುವನ್ನು ನಾವು ಈಗ ಪ್ರತಿಕಾಯವೆನ್ನುತ್ತೇವೆ. ಆ ಅರ್ಥದ ಜರ್ಮನ್ ಪದವನ್ನು 1891ರಲ್ಲಿ ಬಳಕೆಗೆ ತಂದವನೂ ಏರ್ಲಿಕ್.

ಆ ದಿನಗಳಲ್ಲಿ ಯೂರೋಪಿನ ಮಕ್ಕಳ ಪಾಲಿಗೆ ಗಂಟಲಮಾರಿ ಎಂಬ ಡಿಫ್ತೀರಿಯ ಮೃತ್ಯುಸ್ವರೂಪವಾಗಿತ್ತು. ಗಂಟಲಲ್ಲಿ ಬೂದುಬಣ್ಣದ ಪೊರೆ ಬೆಳೆದು ಮಗು ಉಸಿರು ಕಟ್ಟಿ ಸಾಯುತ್ತಿತ್ತು. ಇಲ್ಲವೆ ರೋಗಾಣುವಿನ ವಿಷ ಹೃದಯಕ್ಕೆ ತಗಲಿ ಸಾಯುತ್ತಿತ್ತು. 1890ರಲ್ಲಿ ಎಮಿಲ್ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಎಂಬುವರು, ರೋಗವನ್ನು ಗೆದ್ದ ಪ್ರಾಣಿಯ ರಕ್ತದ ತಿಳಿಯನ್ನು, ಎಂದರೆ ಸೀರಮ್ಮನ್ನು, ಮತ್ತೊಂದು ಪ್ರಾಣಿಗೆ ಚುಚ್ಚಿದರೆ ಅದಕ್ಕೂ ರಕ್ಷಣೆ ದೊರೆಯುವುದೆಂದು ತೋರಿಸಿದ್ದರು. ಆದರೆ ಇದನ್ನು ಮಕ್ಕಳಿಗೆ ಕೊಡುವಾಗ ದೊಡ್ಡ ತೊಡಕು ಎದುರಾಯಿತು. ಒಂದು ಪ್ರಾಣಿಯ ಸೀರಂ ಬಲವಾಗಿದ್ದರೆ ಇನ್ನೊಂದರದು ನೀರಿನಂತೆ ಸಪ್ಪೆ. ಶೀಷೆಯಲ್ಲಿ ಎರಡೂ ಒಂದೇ ಬಗೆಯ ಹಳದಿಯ ತಿಳಿ! ಇಂದು ಬದುಕಿಸಿದ ಔಷಧ ನಾಳೆ ಕೈಕೊಟ್ಟರೆ ವೈದ್ಯನು ಏನು ಮಾಡಬೇಕು? ಎಷ್ಟು ಕೊಟ್ಟರೆ ಸಾಕೆಂಬುದನ್ನು ಯಾರು ಹೇಳಬೇಕು?

ಏರ್ಲಿಕ್ ಈ ಕೆಲಸವನ್ನು ಕೈಗೆತ್ತಿಕೊಂಡನು. ವಿಷದ ಪ್ರಮಾಣವನ್ನು ಹಂತಹಂತವಾಗಿ ಏರಿಸುವ ತನ್ನ ಹಳೆಯ ವಿಧಾನದಿಂದ, ಪ್ರಾಣಿಗಳ ರಕ್ತದಲ್ಲಿ ಬಹಳ ಪ್ರಬಲವಾದ ಸೀರಂ ಉಂಟಾಗುವಂತೆ ಮಾಡಿದನು. ಅನಂತರ ಅಳತೆಯ ಪ್ರಶ್ನೆ. ಅಳೆಯುವುದಕ್ಕೆ ಸ್ಥಿರವಾದ ಒಂದು ಮಾನ ಬೇಕು. ಮೊದಲು ವಿಷವನ್ನೇ ಮಾನವಾಗಿ ಇಟ್ಟುಕೊಂಡು ನೋಡಿದರೆ, ಶೀಷೆಯಲ್ಲಿಟ್ಟ ವಿಷ ದಿನಗಳೆದಂತೆ ತನ್ನ ಕೊಲ್ಲುವ ಶಕ್ತಿಯನ್ನು ಕಳೆದುಕೊಳ್ಳುತ್ತಿತ್ತು. ಸೇರು ತಾನೇ ದಿನವೂ ಕುಗ್ಗುತ್ತಿದ್ದರೆ ಅಕ್ಕಿಯನ್ನು ಅಳೆಯುವುದು ಹೇಗೆ? ಏರ್ಲಿಕ್ ಯೋಚನೆಯನ್ನು ತಿರುಗುಮುರುಗು ಮಾಡಿದನು. ಸೀರಮ್ಮನ್ನೇ ಒಣಗಿಸಿ ಪುಡಿಮಾಡಿ, ಗಾಳಿಯಾಗಲಿ ಬೆಳಕಾಗಲಿ ತೇವವಾಗಲಿ ಸೋಕದಂತೆ ಗಾಜಿನ ಕೊಳವೆಯಲ್ಲಿ ಮುಚ್ಚಿ ತಂಪಿನಲ್ಲಿ ಇಟ್ಟನು. ಹಾಗೆ ಇಟ್ಟದ್ದು ಕೆಡಲಿಲ್ಲ. 250 ಗ್ರಾಂ ತೂಗುವ ಗಿನಿಯಿಲಿಯನ್ನು ನಾಲ್ಕು ದಿನಗಳಲ್ಲಿ ಕೊಲ್ಲಲು ಸಾಕಾಗುವಷ್ಟು ವಿಷ ಒಂದು ಪಾಲು. ಅಂತಹ ನೂರು ಪಾಲು ವಿಷವನ್ನು ನಿಷ್ಫಲಗೊಳಿಸುವಷ್ಟು ಸೀರಂ ಒಂದು ಏಕಮಾನ. 1897ರಲ್ಲಿ ಈ ಪದ್ಧತಿಯನ್ನು ವಿವರಿಸಿ ಅವನು ಬರೆದ ಲೇಖನದಿಂದ ಪ್ರತಿಕಾಯವೆಂಬ ಕಣ್ಣಿಗೆ ಕಾಣದ ವಸ್ತುವು ಅಳತೆಗೆ ಸಿಕ್ಕಿತು. ಆತನ ಸಂಸ್ಥೆಯಲ್ಲಿ ಕಾಪಾಡಿದ ಪ್ರಮಾಣದ್ರವ್ಯವನ್ನು ಬೇರೆ ದೇಶಗಳ ಪ್ರಯೋಗಾಲಯಗಳಿಗೂ ಕಳುಹಿಸುತ್ತಿದ್ದರು.

ಈ ಯಶಸ್ಸಿನ ಜೊತೆಯಲ್ಲಿಯೇ ಒಂದು ಕಹಿಯೂ ಬೆಳೆಯಿತು. ಸೀರಂ 1894ರಲ್ಲಿ ಮಾರುಕಟ್ಟೆಗೆ ಬಂದಿತು. ಕೀರ್ತಿಯೂ ಹಣವೂ ಹೆಚ್ಚಾಗಿ ಬೇರಿಂಗ್‌ನ ಕಡೆಗೆ ಹರಿದವು. 1901ರಲ್ಲಿ ವೈದ್ಯಕೀಯದ ಮೊತ್ತಮೊದಲ ನೊಬೆಲ್ ಪಾರಿತೋಷಕವೂ ಬೇರಿಂಗ್‌ನಿಗೆ ಸಂದಿತು. ತನ್ನ ಪಾಲನ್ನು ತನಗೆ ಕೊಡಲಿಲ್ಲವೆಂಬ ನೋವು ಏರ್ಲಿಕ್‌ನನ್ನು ಬಿಡಲಿಲ್ಲ. ಒಂದೇ ದಿನ ಅಂತರದಲ್ಲಿ, ಒಂದೇ ವರ್ಷ ಹುಟ್ಟಿದ ಇಬ್ಬರು ಗೆಳೆಯರ ನಡುವೆ ಬಿರುಕು ಮೂಡಿತು.

1896ರಲ್ಲಿ ಬರ್ಲಿನ್ನಿನ ಹೊರವಲಯದ ಸ್ಟೆಗ್ಲಿಟ್ಸ್‌ನಲ್ಲಿ ಸೀರಂ ಪರೀಕ್ಷೆಗೆಂದು ಸರಕಾರವು ಒಂದು ಸಂಸ್ಥೆಯನ್ನು ತೆರೆದು ಏರ್ಲಿಕ್‌ನನ್ನು ನಿರ್ದೇಶಕನನ್ನಾಗಿ ನೇಮಿಸಿತು. 1899ರಲ್ಲಿ ಅದು ಫ್ರಾಂಕ್‌ಫರ್ಟ್ ನಗರಕ್ಕೆ ವರ್ಗವಾಯಿತು. ಅಲ್ಲಿ ಆತನ ಕೊಠಡಿಯನ್ನು ಹೊಕ್ಕವರಿಗೆ ಕುಳಿತುಕೊಳ್ಳಲು ಸ್ಥಳವಿರುತ್ತಿರಲಿಲ್ಲ. ಕುರ್ಚಿ, ಮೇಜು, ನೆಲ ಎಲ್ಲೆಲ್ಲಿಯೂ ಪುಸ್ತಕಗಳ ರಾಶಿ. ದಿನವೂ ಸಹಾಯಕರಿಗೆ ಬಣ್ಣಬಣ್ಣದ ಚೀಟಿಗಳಲ್ಲಿ ಅಂದಂದಿನ ಕೆಲಸವನ್ನು ಬರೆದು ಹಂಚುತ್ತಿದ್ದನು. ಮಾತಿನ ನಡುವೆ ಹುರುಪು ಬಂದರೆ ಅಂಗಿಯ ತೋಳಿನ ಮೇಲೆ, ನೆಲದ ಮೇಲೆ, ಅತಿಥಿಗಳ ಮನೆಯ ಮೇಜುಬಟ್ಟೆಯ ಮೇಲೆ ಕೂಡ ರಾಸಾಯನಿಕ ಚಿತ್ರಗಳನ್ನು ಬರೆಯುತ್ತಿದ್ದನು. ಮನೆಯವರ ಹುಟ್ಟುಹಬ್ಬ ಮರೆತುಹೋಗದಿರಲೆಂದು ತನಗೆ ತಾನೇ ಅಂಚೆಕಾರ್ಡು ಹಾಕಿಕೊಳ್ಳುತ್ತಿದ್ದನಂತೆ. ಬಗಲಲ್ಲಿ ಸದಾ ಚುಟ್ಟದ ಪೆಟ್ಟಿಗೆ. ದಿನಕ್ಕೆ ಇಪ್ಪತ್ತೈದರವರೆಗೆ ಘಾಟಿನ ಚುಟ್ಟಗಳನ್ನು ಸೇದುತ್ತಿದ್ದನು. ದೇಹದ ಒಳಗುಟ್ಟನ್ನು ಅಷ್ಟು ಅರಿತವನು ತನ್ನ ದೇಹದ ವಿಷಯದಲ್ಲಿ ಇಷ್ಟು ಅಲಕ್ಷ್ಯದಿಂದಿದ್ದನು.

ಮೇಜುಬಟ್ಟೆಗಳ ಮೇಲೆ ಆತನು ಬರೆಯುತ್ತಿದ್ದ ಚಿತ್ರಗಳು ಒಂದು ಸಿದ್ಧಾಂತದ ಚಿತ್ರಗಳು. ಜೀವಕೋಶದ ಮೈಮೇಲೆ ಬೇರೆ ಬೇರೆ ಆಕಾರದ ಪಕ್ಕಕೊಂಡಿಗಳಿವೆ. ಬೀಗದ ಕೈ ಬೀಗಕ್ಕೆ ಕೂಡುವಂತೆ ವಿಷವು ತನಗೆ ಒಪ್ಪುವ ಕೊಂಡಿಗೆ ಮಾತ್ರ ಅಂಟುತ್ತದೆ. ಕೊಂಡಿಯೊಂದನ್ನು ಕಳೆದುಕೊಂಡ ಕೋಶ ಆ ನಷ್ಟವನ್ನು ತುಂಬುವ ಭರದಲ್ಲಿ, ಕತ್ತರಿಸಿದ ಕೊಂಬೆ ಒಂದರ ಬದಲು ನಾಲ್ಕು ಚಿಗುರುಗಳನ್ನು ಬಿಡುವಂತೆ, ಅಂತಹ ಹಲವಾರು ಕೊಂಡಿಗಳನ್ನು ಬೆಳೆಸುತ್ತದೆ. ಹೆಚ್ಚಾದವು ಕಳಚಿ ರಕ್ತಕ್ಕೆ ಬೀಳುತ್ತವೆ. ಅವೇ ಪ್ರತಿಕಾಯಗಳು. ಬಣ್ಣವು ಒಂದೇ ಕೋಶಕ್ಕೆ ಅಂಟುವ ಹಳೆಯ ಪ್ರಶ್ನೆಗೂ ವಿಷದ ಪ್ರಶ್ನೆಗೂ ಇಲ್ಲಿ ಒಂದೇ ಉತ್ತರ. ಸಿದ್ಧಾಂತಕ್ಕೆ ವಿರೋಧಿಗಳೂ ಇದ್ದರು. ಎದುರುಮಾತನ್ನು ಸಹಿಸುವ ತಾಳ್ಮೆ ಏರ್ಲಿಕ್‌ನಲ್ಲಿ ಅಷ್ಟಾಗಿ ಇರಲಿಲ್ಲ. ರೋಗಾಣುಗಳನ್ನು ನುಂಗುವ ರಕ್ತಕಣಗಳೇ ದೇಹದ ನಿಜವಾದ ಕಾವಲುಗಾರರೆಂದು ವಾದಿಸಿದ ರಷ್ಯದ ಮೆಚ್ನಿಕಾಫನೊಡನೆ 1908ರ ನೊಬೆಲ್ ಪಾರಿತೋಷಕವನ್ನು ಏರ್ಲಿಕ್ ಹಂಚಿಕೊಂಡನು. ಇಬ್ಬರ ಮಾತಿನಲ್ಲಿಯೂ ಹುರುಳಿತ್ತೆಂಬುದು ಮುಂದೆ ಸ್ಪಷ್ಟವಾಯಿತು.

ಪ್ರತಿಕಾಯವು ಗುರಿಯನ್ನು ಹುಡುಕಿಕೊಂಡು ಹೋಗಿ ಹಿಡಿಯುತ್ತದೆ. ಉಳಿದ ಅಂಗಗಳನ್ನು ನೋಯಿಸುವುದಿಲ್ಲ. ಮನುಷ್ಯನೇ ತಯಾರಿಸಿದ ಔಷಧವೂ ಮಂತ್ರಿಸಿ ಬಿಟ್ಟ ಬಾಣದಂತೆ ರೋಗಾಣುವನ್ನಷ್ಟೇ ಹೊಡೆಯುವಂತಿದ್ದರೆ? ಫ್ರಾಂಕ್‌ಫರ್ಟಿನ ಬ್ಯಾಂಕರೊಬ್ಬನ ವಿಧವೆಯಾದ ಫ್ರಾನ್ಸಿಸ್ಕ ಸ್ಪೈಯರ್ ಪತಿಯ ನೆನಪಿಗಾಗಿ ಕೊಟ್ಟ ಹಣದಿಂದ 1906ರಲ್ಲಿ ಇದಕ್ಕೆಂದೇ ಒಂದು ಸಂಶೋಧನಾಲಯ ಸಿದ್ಧವಾಯಿತು. ರಸಾಯನಜ್ಞ ಬರ್ಟ್‌ಹೈಮ್ ಪಾಷಾಣದ, ಎಂದರೆ ಆರ್ಸೆನಿಕ್ಕಿನ, ಸಂಯುಕ್ತಗಳನ್ನು ಒಂದೊಂದಾಗಿ ತಯಾರಿಸಿದನು. ಒಂದೊಂದಕ್ಕೂ ಸಂಖ್ಯೆ ಕೊಟ್ಟು ಪರೀಕ್ಷಿಸಿದರು. 606ನೆಯದನ್ನು ಮೊದಲು ನಿರುಪಯುಕ್ತವೆಂದು ಬದಿಗಿಟ್ಟಿದ್ದರು. 1909ರಲ್ಲಿ ಜಪಾನಿನಿಂದ ಬಂದ ಸಹಚಿರೊ ಹಾಟಾ ತಾಳ್ಮೆಯಿಂದ ಎಲ್ಲವನ್ನೂ ಮತ್ತೆ ಪರೀಕ್ಷಿಸಿ, ಸಿಫಿಲಿಸ್ ರೋಗ ತಗಲಿದ ಮೊಲಗಳು ಅದೇ 606ರಿಂದ ಗುಣಹೊಂದುವುದನ್ನು ಕಂಡನು. ನಮ್ಮ ಹಳೆಯ ವೈದ್ಯಗ್ರಂಥಗಳಲ್ಲಿ ಫಿರಂಗರೋಗವೆಂದು ಹೆಸರಾದ ಈ ವ್ಯಾಧಿಗೆ ಅದುವರೆಗೆ ಪಾದರಸವನ್ನು ಕೊಡುತ್ತಿದ್ದರು. ರೋಗದಷ್ಟೇ ಆ ಔಷಧವೂ ಭಯಂಕರವಾಗಿತ್ತು. 1910ರಲ್ಲಿ ಸಾಲ್ವರ್ಸಾನ್ ಎಂಬ ಹೆಸರಿನಿಂದ 606 ಮಾರಾಟಕ್ಕೆ ಬಂದಿತು. ಅದಕ್ಕೆ ಮುನ್ನ ಸುಮಾರು 65,000 ಮಾದರಿಗಳನ್ನು ವೈದ್ಯರಿಗೆ ಉಚಿತವಾಗಿ ಹಂಚಿ, ಫಲಿತಾಂಶಗಳನ್ನು ತರಿಸಿಕೊಂಡು ನೋಡಲಾಗಿತ್ತು.

ಹೊಗಳಿಕೆಯ ಬೆನ್ನಲ್ಲಿಯೇ ನಿಂದೆಯೂ ಬಂದಿತು. ಔಷಧವನ್ನು ಕರಗಿಸಿ ಚುಚ್ಚುವುದು ನಾಜೂಕಿನ ಕೆಲಸ, ತಪ್ಪಿದರೆ ಅಪಾಯ. ಕೆಲವು ರೋಗಿಗಳು ಕಿವುಡಾದರು, ಕೆಲವರು ಸತ್ತರು. ಏರ್ಲಿಕ್ ಒಂದೊಂದು ಸಾವಿನ ವಿವರವನ್ನೂ ತರಿಸಿಕೊಂಡು ಕಾರಣವನ್ನು ಹುಡುಕುತ್ತಿದ್ದನು. 1912ರಲ್ಲಿ ಹೆಚ್ಚು ಸುಲಭವಾಗಿ ಕರಗುವ ಇನ್ನೊಂದು ಸಂಯುಕ್ತವನ್ನು ಹೊರತಂದನು. ಆದರೂ ಹಣದಾಸೆಗಾಗಿ ಜನರ ಮೇಲೆ ವಿಷವನ್ನು ಪ್ರಯೋಗಿಸುತ್ತಿದ್ದಾನೆಂಬ ಅಪವಾದ ಪತ್ರಿಕೆಗಳವರೆಗೆ ಹೋಯಿತು. 1914ರಲ್ಲಿ ಫ್ರಾಂಕ್‌ಫರ್ಟಿನ ನ್ಯಾಯಾಲಯದಲ್ಲಿ ಏರ್ಲಿಕ್ ಸಾಕ್ಷಿ ನುಡಿಯಬೇಕಾಯಿತು. ಅಪಪ್ರಚಾರ ಮಾಡಿದ ಪತ್ರಿಕೆಯವನಿಗೆ ಒಂದು ವರ್ಷದ ಸೆರೆಯಾಯಿತು. ನ್ಯಾಯವೇನೋ ದೊರೆಯಿತು, ಆದರೆ ಆತನ ಆರೋಗ್ಯ ಕುಸಿಯುತ್ತಿತ್ತು. ಅದೇ ವರ್ಷ ಹೊಸದಾಗಿ ಸ್ಥಾಪಿತವಾದ ಫ್ರಾಂಕ್‌ಫರ್ಟ್ ವಿಶ್ವವಿದ್ಯಾನಿಲಯವು ಅವನಿಗೆ ಪೂರ್ಣ ಪ್ರಾಧ್ಯಾಪಕ ಪದವಿಯನ್ನು ಕೊಟ್ಟಿತು. ಆಗ ಅವನಿಗೆ ಅರುವತ್ತು ವರ್ಷ! ಮೊದಲ ಮಹಾಯುದ್ಧವೂ ಆಗಲೇ ಮೊದಲಾಗಿ, ಹೊರದೇಶಗಳ ಗೆಳೆಯರೊಡನೆ ಇದ್ದ ಬಳಕೆ ಕಡಿದುಬಿದ್ದಿತು. 1915ರ ಆಗಸ್ಟ್ 20ರಂದು, ವಿಶ್ರಾಂತಿಗೆಂದು ಹೋಗಿದ್ದ ಬಾಡ್ ಹಾಂಬುರ್ಗ್ ಪಟ್ಟಣದಲ್ಲಿ ಏರ್ಲಿಕ್ ತೀರಿಕೊಂಡನು.

ಫ್ರಾಂಕ್‌ಫರ್ಟಿನ ಒಂದು ಬೀದಿಗೆ ಏರ್ಲಿಕ್‌ನ ಹೆಸರನ್ನು ಇಡಲಾಗಿತ್ತು. 1933ರಲ್ಲಿ ಅಧಿಕಾರಕ್ಕೆ ಬಂದ ನಾತ್ಸಿಗಳ ಆಡಳಿತದಲ್ಲಿ ಆ ಹೆಸರನ್ನು ಅಳಿಸಿಹಾಕಿದರು, ಆತ ಯೆಹೂದಿಯೆಂಬ ಒಂದೇ ಕಾರಣಕ್ಕೆ. ಯಾವ ನಾಡಿನ ಮಕ್ಕಳ ಗಂಟಲಿನಿಂದ ಮೃತ್ಯುವಿನ ಹಿಡಿತವನ್ನು ಆತನ ಸೀರಂ ಬಿಡಿಸಿತ್ತೋ ಆ ನಾಡಿನಿಂದಲೇ ವೃದ್ಧೆಯಾದ ಹೆಡ್ವಿಗ್ ಹೊರಟುಹೋಗಬೇಕಾಯಿತು. ಆಕೆ 1948ರಲ್ಲಿ ಅಮೆರಿಕದಲ್ಲಿ ನಿಧನಳಾದಳು. ಯುದ್ಧವು ಮುಗಿದ ಮೇಲೆ ಬೀದಿಗೆ ಹಳೆಯ ಹೆಸರು ಮರಳಿ ಬಂದಿತು.

ಸಾಲ್ವರ್ಸಾನಿನ ಸ್ಥಾನವನ್ನು 1940ರ ದಶಕದಲ್ಲಿ ಪೆನಿಸಿಲಿನ್ ಆಕ್ರಮಿಸಿತು. ಪಕ್ಕಕೊಂಡಿಯ ಸಿದ್ಧಾಂತವೂ ಇದ್ದಂತೆಯೇ ಉಳಿಯಲಿಲ್ಲ. ಒಂದೇ ಕೋಶದ ಮೈಮೇಲೆ ಎಲ್ಲ ಬಗೆಯ ಕೊಂಡಿಗಳೂ ಇರುತ್ತವೆಂದು ಏರ್ಲಿಕ್ ಭಾವಿಸಿದ್ದನು. ಒಂದು ಕೋಶ ಒಂದೇ ಬಗೆಯ ಪ್ರತಿಕಾಯವನ್ನು ತಯಾರಿಸುತ್ತದೆಂದು ಅನಂತರ ತಿಳಿದುಬಂದಿತು. 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು ಇಲಿಯ ಅಂತಹ ಕೋಶವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದೊಡನೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ಉಪಾಯವನ್ನು ಕಂಡುಹಿಡಿದರು. ಒಂದೇ ಕೋಶದ ಸಂತತಿಯಿಂದ ಬಂದ ಇದಕ್ಕೆ ಮಾನೋಕ್ಲೋನಲ್ ಪ್ರತಿಕಾಯವೆಂದು ಹೆಸರು.

ಮನುಷ್ಯನ ರಕ್ತದಲ್ಲಿರುವ ಪ್ರತಿಕಾಯಗಳನ್ನು ಪತ್ತೆಹಚ್ಚಲು ಈಗ ಗಿನಿಯಿಲಿಗಳನ್ನು ಬಲಿಕೊಡಬೇಕಾಗಿಲ್ಲ. ಚಿಕ್ಕ ಚಿಕ್ಕ ಗುಳಿಗಳುಳ್ಳ ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ರೋಗಾಣುವಿನ ಪ್ರೋಟೀನನ್ನು ಸವರಿ ರೋಗಿಯ ಸೀರಮ್ಮನ್ನು ಹಾಕುತ್ತಾರೆ. ಆ ರೋಗಾಣುವಿಗೆ ಎದುರಾದ ಪ್ರತಿಕಾಯ ಸೀರಮ್ಮಿನಲ್ಲಿದ್ದರೆ ತಳಕ್ಕೆ ಅಂಟಿಕೊಳ್ಳುತ್ತದೆ, ಉಳಿದುದನ್ನು ತೊಳೆದುಬಿಡುತ್ತಾರೆ. ಬಳಿಕ ಮನುಷ್ಯನ ಪ್ರತಿಕಾಯವನ್ನು ಮಾತ್ರ ಗುರುತಿಸಿ ಹಿಡಿಯುವ, ಇಲಿಯ ಕೋಶದಿಂದ ಪಡೆದ ಮಾನೋಕ್ಲೋನಲ್ ಪ್ರತಿಕಾಯವನ್ನು ಹಾಕುತ್ತಾರೆ. ಅದರ ಮೈಗೆ ಬಯೋಟಿನ್ ಎಂಬ ಜೀವಸತ್ವವನ್ನು ಮೊದಲೇ ಬೆಸೆದಿರುತ್ತಾರೆ. ಕೋಳಿಮೊಟ್ಟೆಯ ಬಿಳಿಯ ಲೋಳೆಯಲ್ಲಿ ಬಯೋಟಿನ್ನನ್ನು ಬಿಡದೆ ಕಚ್ಚಿ ಹಿಡಿಯುವ ಅವಿಡಿನ್ ಎಂಬ ಪ್ರೋಟೀನು ಇದೆ. ಅದನ್ನೇ ಹೋಲುವ, ಮಣ್ಣಿನ ಒಂದು ಬ್ಯಾಕ್ಟೀರಿಯದಿಂದ ದೊರೆಯುವ ಪ್ರೋಟೀನಿಗೆ ಒಂದು ಕಿಣ್ವವನ್ನು ಕೂಡಿಸಿ ಮೂರನೆಯ ಸಲ ಹಾಕುತ್ತಾರೆ. ಮತ್ತೆ ತೊಳೆದು, ಕಡೆಗೆ ಬಣ್ಣವಿಲ್ಲದ ಒಂದು ದ್ರವವನ್ನು ಹನಿಸುತ್ತಾರೆ. ರೋಗಿಯ ರಕ್ತದಲ್ಲಿ ಪ್ರತಿಕಾಯವಿಲ್ಲದಿದ್ದರೆ ಗುಳಿ ತಿಳಿಯಾಗಿಯೇ ಉಳಿಯುತ್ತದೆ. ಇದ್ದರೆ ಕೆಲವೇ ನಿಮಿಷಗಳಲ್ಲಿ ನೀಲಿ ಮೂಡುತ್ತದೆ. ಒಂದು ತೊಟ್ಟು ಆಮ್ಲ ಬಿದ್ದೊಡನೆ ಆ ನೀಲಿ ಹಳದಿಯಾಗಿ ನಿಲ್ಲುತ್ತದೆ. ಆ ಬಣ್ಣ ಎಷ್ಟು ಗಾಢವೆಂಬುದನ್ನು ಯಂತ್ರವು ಓದಿ ಪ್ರತಿಕಾಯದ ಪ್ರಮಾಣವನ್ನು ತಿಳಿಸುತ್ತದೆ.